ಗಡ್ಡವಿಲ್ಲದ ಗಿರಾಕಿ

ಆ ಮಧ್ಯಾಹ್ನ ಸಾಲದ ಒಪ್ಪಂದಕ್ಕೆ ಸಹಿ ಹಾಕುವುದಿತ್ತು. ಬೆಳಗಿನಿಂದ ಆಕೆಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಒರೆಸಿದ ಒಲೆಕಟ್ಟೆಯನ್ನೇ ಮತ್ತೆ ಒರೆಸಿದಳು. ಶೆಲ್ಫಿನ ಮೇಲಿನ ಡಬ್ಬಿಗಳನ್ನು ಇಳಿಸಿ, ಇದು ಬಾಡಿಗೆಯದು, ಇದು ಕರೆಂಟಿನದು, ಇದು ಮಗಳ ಸ್ಕೂಲಿನದು ಎಂದು ಒಂದೊಂದನ್ನೂ ಅಲ್ಲಾಡಿಸಿ ನೋಡಿ ಮತ್ತೆ ಏರಿಸಿದಳು. ಕೊನೆಯದು ಸಾಲದ ಡಬ್ಬಿ. ಅದನ್ನು ಎರಡು ಸಲ ಅಲ್ಲಾಡಿಸಿದಳು.

"ಅಲ್ಲಾಡಿಸಿದ್ರೆ ಮರಿ ಹಾಕುತ್ತಾ ಅದು?" ಎಂದರು ಮೂಲೆಯಲ್ಲಿ ಕೂತಿದ್ದ ಅತ್ತೆ.

ಅತ್ತೆಯ ಸಿಟ್ಟಿಗೆ ಕಾರಣವಿತ್ತು. ಸಾಲ ಸಲಹಾ ಕೇಂದ್ರದ ಮೇಡಂ ಮನೆಖರ್ಚು ಬರೆದುಕೊಂಡ ದಿನ, ನಶ್ಯವನ್ನು ಔಷಧಿಯ ಲೆಕ್ಕದಲ್ಲಿ ಸೇರಿಸಲೇಬೇಕೆಂದು ಅವರು ಹಟ ಹಿಡಿದಿದ್ದರು. ಮೇಡಂ ನಕ್ಕು ಬರೆದೂ ಬಿಟ್ಟಿದ್ದರು. ಆಮೇಲೆ ಸಲೂನಿನಿಂದ ಬರುವ ದುಡ್ಡು ಯಾಕೋ ಇಳಿಯುತ್ತಾ ಬಂತು, ಸೊಸೆ ಆ ಔಷಧಿಗೂ ಕತ್ತರಿ ಹಾಕಿದಳು.

ಸಲೂನು ಗಂಡನದು. ಒಂದು ಕುರ್ಚಿ ಇದ್ದದ್ದು ಮೂರಾಗಲಿ ಎಂಬ ಆಸೆಗೆ ಬ್ಯಾಂಕಿನಲ್ಲಿ ಒಂದು ಸಾಲ, ಕುರ್ಚಿ ಕನ್ನಡಿ ಮಾರಿದವರ ಹತ್ತಿರ ಕಂತಿನ ಮೇಲೆ ಇನ್ನೊಂದು, ಈ ಎರಡರ ಕಂತು ಕಟ್ಟಲು ಫೈನಾನ್ಸಿನವರಲ್ಲಿ ಮತ್ತೊಂದು. ಕುರ್ಚಿಗಳೇನೋ ಮೂರಾದವು, ಕತ್ತರಿ ಹಿಡಿಯುವ ಕೈ ಮಾತ್ರ ಎರಡೇ ಉಳಿದವು.

ಮೇಡಂ ಮೂವರ ಹತ್ತಿರವೂ ಮಾತಾಡಿ ಒಂದು ದಾರಿ ಮಾಡಿದ್ದರು. ತಿಂಗಳಿಗೊಮ್ಮೆ ಕೇಂದ್ರಕ್ಕೆ ಒಂದೇ ಮೊತ್ತ ಕಟ್ಟಬೇಕು. ಅಲ್ಲಿಂದ ಮೂವರಿಗೂ ಅವರವರ ಪಾಲು ಹೋಗುತ್ತದೆ, ಬಡ್ಡಿ ನಿಲ್ಲುತ್ತದೆ, ಬಾಗಿಲಿಗೆ ಯಾರೂ ಬರುವುದಿಲ್ಲ. ಮಾತಾದ ದಿನದಿಂದಲೇ ಷರತ್ತು ಒಂದೇ: ಒಬ್ಬನಿಗೆ ಒಳಗಿಂದೊಳಗೆ ಏನಾದರೂ ಕೊಟ್ಟದ್ದು ಗೊತ್ತಾದರೆ ಉಳಿದಿಬ್ಬರು ಒಪ್ಪಂದ ಮುರಿಯಬಹುದು. ಮುರಿದರೆ ಕುರ್ಚಿಗಳನ್ನು ಎತ್ತಿಕೊಂಡು ಹೋಗುತ್ತಾರೆ. ಕುರ್ಚಿ ಹೋದ ಮೇಲೆ ಸಲೂನೆಲ್ಲಿ?

ಗಂಡನನ್ನು ಕರೆದುಕೊಂಡು ಹೋಗೋಣವೆಂದು ಹೊತ್ತಿಗೆ ಮುಂಚೆಯೇ ಹೊರಟಳು. ಸಲೂನಿನ ಮೆಟ್ಟಿಲು ಹತ್ತುವಾಗ ಕನ್ನಡಿಯಲ್ಲಿ ಕಂಡದ್ದೇ ಮೊದಲು. ಕುರ್ಚಿಯಲ್ಲಿ ಫೈನಾನ್ಸಿನ ವಸೂಲಿಯವನು ತಲೆ ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚಿದ್ದಾನೆ. ಕೊರಳಿಗೆ ಟವೆಲು. ಗಂಡ ಒಂದು ಕೈಯಲ್ಲಿ ಕತ್ತಿ ಹಿಡಿದು, ಇನ್ನೊಂದು ಕೈಯಿಂದ ಮಡಿಸಿದ ನೋಟುಗಳನ್ನು ಅವನ ಜೇಬಿಗೆ ತುರುಕುತ್ತಿದ್ದಾನೆ.

ಆಕೆ ಬೆಂಚಿನ ಮೇಲೆ ಕೂತಳು. ಗಂಡನ ಮುಖ ಕನ್ನಡಿಯಲ್ಲೇ ಬಿಳಿಚಿತು. ವಸೂಲಿಯವನು ಎದ್ದು "ನಮಸ್ಕಾರ ಅಕ್ಕಾ" ಎಂದು ನಕ್ಕು ಹೊರಟ. ಆಕೆ ಕೆಳಗೆ ಬಿದ್ದ ನೊರೆ ನೋಡಿದಳು. ಅದರಲ್ಲಿ ಒಂದು ಕೂದಲೂ ಇರಲಿಲ್ಲ.

"ಅವನಿಗೆ ಗಡ್ಡ ಎಲ್ಲಿತ್ತು?"

"ದಿನಾ ಬರ್ತಾನೆ," ಎಂದ ಗಂಡ ನೆಲ ನೋಡುತ್ತಾ. "ದಿನಾ ಎಲ್ಲಿಂದ ಬೆಳೆಯುತ್ತೆ?"

ಬಸ್ಸಿನಲ್ಲಿ ಅವನು ಬಾಯಿಬಿಟ್ಟ. ಅಂಗಡಿ ಬಾಗಿಲಲ್ಲಿ ನಿಂತು ಕೇಳಿದ ಸಾಲದವರಿಗೆಲ್ಲ ಇಲ್ಲ ಎಂದೇ ಹೇಳಿದ್ದಾನೆ. ಫೋನಿನಲ್ಲಿ ಬೈದವರಿಗೂ ಇಲ್ಲ ಎಂದಿದ್ದಾನೆ. ಇವನು ಮಾತ್ರ ಮರ್ಮ ಹಿಡಿದವನು, ಬಂದವನೇ ಕುರ್ಚಿಯಲ್ಲಿ ಕೂತುಬಿಡುತ್ತಾನೆ. "ಕತ್ತು ನನ್ನ ಕೈಗೆ ಕೊಟ್ಟು ಕಣ್ಣು ಮುಚ್ಕೊಂಡಿರ್ತಾನೆ ಕಣೇ. ನನ್ನನ್ನ ಅಷ್ಟು ನಂಬಿ ಕೂತವನಿಗೆ ಇಲ್ಲ ಅನ್ನೋಕೆ ನಾಲಿಗೆ ಏಳಲ್ಲ."

"ನಿಮ್ಮನ್ನ ನಂಬಿ ಮನೇಲಿ ಮೂರು ಜನ ಕೂತಿದ್ದೀವಿ," ಎಂದಳು ಆಕೆ. "ನಾವೂ ಬಂದು ನೊರೆ ಹಚ್ಚಿಸ್ಕೋಬೇಕಾ?"

ಮುಂದಿನ ಸೀಟಿನವರು ತಿರುಗಿ ನೋಡಿದರು. ಆಕೆ ದನಿ ತಗ್ಗಿಸಿ, ಅಲ್ಲಿ ತುಟಿ ಪಿಟಕ್ಕೆನ್ನಬಾರದು, ಸಹಿ ಒಂದು ಬಿದ್ದುಹೋಗಲಿ, ಉಳಿದದ್ದು ಆಮೇಲೆ ಎಂದು ಕಟ್ಟುನಿಟ್ಟಾಗಿ ಹೇಳಿದಳು. ಇಳಿಯಬೇಕಾದ ಸ್ಟಾಪು ಬರುವ ಮುಂಚೆಯೇ ಎದ್ದು ಕಂಬಿ ಹಿಡಿದು ನಿಂತಳು.

ಕೇಂದ್ರದಲ್ಲಿ ಮೇಡಂ ಖರ್ಚಿನ ಹಾಳೆಯನ್ನು ಕೊನೆಯ ಸಲ ಓದಿಸಿದರು. ಬಾಡಿಗೆ ಅಷ್ಟೇ, ಕರೆಂಟು ಅಷ್ಟೇ. ನಶ್ಯ ಅರ್ಧಕ್ಕಿಳಿದದ್ದನ್ನು ಕೇಳಿ ಅತ್ತೆಯ ಆರೋಗ್ಯ ವಿಚಾರಿಸಿದರು. ಹಾಲಿನ ಲೆಕ್ಕಕ್ಕೆ ಬಂದಾಗ ಅವರ ಪೆನ್ನು ನಿಂತಿತು. ಮನೆಯಲ್ಲಿ ಮಗು ಇದೆಯಲ್ಲ, ಹಾಲು ಯಾಕೆ ಇಷ್ಟು ಕಮ್ಮಿಯಾಗಿದೆ ಎಂದು ಕೇಳಿದರು.

"ವ್ಯಾಪಾರ ಇಲ್ಲ ಮೇಡಂ," ಎಂದಳು ಆಕೆ.

ಗಂಡ ಅವಳ ಕಡೆ ತಿರುಗಿದ. ಹಾಲಿಲ್ಲದ ಚಹಾ ಗ್ಯಾಸಿಗೆ ಒಳ್ಳೆಯದು ಎಂದು ಆಕೆ ಹೇಳಿದ್ದನ್ನು ಅವನು ನಂಬಿ ದಿನವೂ ಕುಡಿದಿದ್ದ. ಮಗಳ ಲೋಟದ ಕಡೆ ನೋಡಿದವನಲ್ಲ.

"ವ್ಯಾಪಾರ ಇದೆ," ಎಂದ. "ನಾನೇ ಕೊಟ್ಟುಬಿಟ್ಟೆ."

ಆಕೆ ಮೇಜಿನ ಕೆಳಗೆ ಅವನ ಕಾಲು ತುಳಿದಳು. ಅವನು ಕಾಲು ಎಳೆದುಕೊಳ್ಳದೆ ಎಲ್ಲವನ್ನೂ ಹೇಳಿದ. ಮೇಡಂ ಬೈಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು, ಅದೇ ಬೈಗುಳಕ್ಕಿಂತ ಹೆಚ್ಚಾಯಿತು. ಇವತ್ತು ಸಹಿ ಇಲ್ಲ, ಮೂವರಿಗೂ ಇದನ್ನು ತಿಳಿಸಲೇಬೇಕು, ಫೈನಾನ್ಸಿನವರಿಗೆ ಹೋದಷ್ಟನ್ನು ಅವರ ಪಾಲಿನಲ್ಲೇ ಕಳೆಯುವಂತೆ ಕೇಳುತ್ತೇನೆ, ಉಳಿದಿಬ್ಬರು ಒಪ್ಪಿದರೆ ಉಂಟು, ಇಲ್ಲದಿದ್ದರೆ ನನ್ನ ಕೈಯಲ್ಲೂ ಇಲ್ಲ ಎಂದರು. ಎದ್ದು ನಿಂತ ಮೇಲೆ ಇನ್ನೊಂದು ಮಾತು ಸೇರಿಸಿದರು: ಇನ್ನೊಂದು ಸಲ ಹೀಗಾದರೆ ಈ ಫೈಲು ಮುಚ್ಚಿದಂತೆ.

ಮರುದಿನದಿಂದ ಆಕೆ ಮನೆಗೆಲಸ ಮುಗಿಸಿ ಸಲೂನಿನ ಬೆಂಚಿನಲ್ಲಿ ಬಂದು ಕೂರತೊಡಗಿದಳು. ಕೂತಲ್ಲಿ ಕೂರಲಾಗದೆ ಬಾಚಣಿಗೆ ತೊಳೆಯುವಳು, ಟವೆಲು ಮಡಿಸುವಳು, ಫೋನು ಸದ್ದು ಮಾಡಿದರೆ ಎದ್ದು ಓಡುವಳು.

ವಸೂಲಿಯವನು ಬಂದ. ಬೆಂಚಿನ ಕಡೆ ನಕ್ಕು, ಕುರ್ಚಿಯಲ್ಲಿ ಕೂತು, ಕತ್ತು ಒಪ್ಪಿಸಿ ಕಣ್ಣು ಮುಚ್ಚಿದ. ಗಂಡ ನೊರೆ ಹಚ್ಚಿದ. ಒಂದು ಕೆನ್ನೆ ಮುಗಿಯುವ ಹೊತ್ತಿಗೆ ಅವನು ಮೆಲ್ಲಗೆ, ಇವತ್ತು ಏನಾದ್ರೂ ಆಗುತ್ತಾ ಅಣ್ಣಾ ಎಂದ.

ಕತ್ತಿ ನಿಂತಿತು. ಆಕೆ ಕೈಯಲ್ಲಿದ್ದ ಟವೆಲನ್ನು ಹಿಂಡಿಹಿಡಿದಳು. ಎದ್ದು ಹೋಗಿ ತಾನೇ ಹೇಳಿಬಿಡಲೇ ಎಂದು ಕಾಲು ತುಡಿಯಿತು.

ಗಂಡ ಕತ್ತಿಯನ್ನು ಮಡಿಸಿ ಕನ್ನಡಿಯ ಮುಂದೆ ಇಟ್ಟ. ಕುರ್ಚಿಯ ಹಿಂಭಾಗವನ್ನು ಎತ್ತಿ ಅವನನ್ನು ನೆಟ್ಟಗೆ ಕೂರಿಸಿದ. ಸುತ್ತಿ ಬಂದು ಎದುರಿಗೆ ನಿಂತ.

"ಸಾರ್, ಕಣ್ಣು ಬಿಡಿ," ಎಂದ. "ಆಗಲ್ಲ. ಇನ್ಮೇಲೆ ನಿಮ್ಮ ಪಾಲು ಬಂದ್ರೆ ಕೇಂದ್ರದಿಂದಾನೇ ಬರೋದು. ನಿಮ್ಮ ಆಫೀಸಿಗೆ ಹೇಳಿ."

ಅವನು ಅರ್ಧ ಮುಖದ ನೊರೆಯಲ್ಲಿ ಕಣ್ಣು ಪಿಳಿಪಿಳಿ ಬಿಟ್ಟ. ಎದ್ದು ಹೋಗೋಣವೆಂದರೆ ಈ ವೇಷದಲ್ಲಿ ಬೀದಿಗೆ ಇಳಿಯುವುದು ಹೇಗೆ? ಗಂಡ ಕುರ್ಚಿಯನ್ನು ಮತ್ತೆ ಒರಗಿಸಿ, ಉಳಿದ ಕೆನ್ನೆಯನ್ನು ಎಂದಿನಷ್ಟೇ ನಯವಾಗಿ ಮುಗಿಸಿದ.

"ಶೇವಿಂಗಿನ ದುಡ್ಡು," ಎಂದಳು ಆಕೆ ಬಾಗಿಲಿಗೆ ಅಡ್ಡ ನಿಂತು. "ಹಳೇದೆಲ್ಲ ಹೋಗ್ಲಿ, ಇವತ್ತಿಂದು ಕೊಡಿ."

ಕೊಟ್ಟ.

ಸಂಜೆ ಮೇಡಂ ಫೋನು ಮಾಡಿದರು. ಬ್ಯಾಂಕಿನವರು ಒಪ್ಪಿದ್ದಾರೆ, ಕುರ್ಚಿಯವರು ಯೋಚಿಸುತ್ತೇವೆ ಎಂದಿದ್ದಾರೆ. ಆಕೆ ಫೋನಿಟ್ಟು ಬಾಗಿಲಿಗೆ ಬಂದಳು, ಒಳಗೆ ಹೋದಳು, ಮತ್ತೆ ಬಂದಳು. ಹಾಲಿನವನು ಸೈಕಲ್ಲು ತಿರುಗಿಸಿ ಹೊರಟೇಬಿಟ್ಟಿದ್ದ.

"ನಿಲ್ಲಪ್ಪಾ," ಎಂದು ಕೂಗಿದಳು. "ನಾಳೆಯಿಂದ ಮಗೂಗೆ ಮೊದಲಿನಷ್ಟು ಹಾಕು."

"ನಶ್ಯ?" ಎಂದರು ಒಳಗಿನಿಂದ ಅತ್ತೆ.

"ಕುರ್ಚಿಯವರು ಒಪ್ಪಲಿ ಅತ್ತೆ," ಎಂದು ಆಕೆ ಫೋನು ಎತ್ತಿಕೊಂಡು ಮತ್ತೊಮ್ಮೆ ನೋಡಿದಳು.