ಟೈಲರಮ್ಮನ ಬಲಗಾಲು

ಸರ್ಕಾರ ಉರುಳಿದ ಮೂರನೆಯ ದಿನವೇ ಕೃತಕ ಕಾಲಿನ ಸಂಸ್ಥೆಯ ಬೋರ್ಡಿಗೆ ಹೊಸ ಬಣ್ಣ ಬಿತ್ತು. ಪೇಂಟರ್ ಏಣಿ ಹತ್ತಿದ್ದ. ಕೆಳಗೆ ಬಣ್ಣದ ಡಬ್ಬಿ ಹಿಡಿದು ನಿಂತವನು ಸಾಕ್ಷಾತ್ ಕಾರ್ಯದರ್ಶಿ. ಒಳಗೆ ಪ್ಲಾಸ್ಟರ್ ಕಲಸುತ್ತಿದ್ದ ಅಚ್ಚಿನಜ್ಜ ಕಿಟಕಿಯಿಂದ ನೋಡಿದ. ಅವನು ಕಂಡಂತೆ ಆ ಬೋರ್ಡಿಗೆ ಇದು ನಾಲ್ಕನೆಯ ಬಣ್ಣ. ಹಿಂದಿನವರು ಗದ್ದುಗೆ ಹತ್ತಿದಾಗಲೂ ಡಬ್ಬಿ ಹಿಡಿದವನು ಇವನೇ. ಆಗ ತಲೆಯಲ್ಲಿ ಕೂದಲಿತ್ತು, ಅಷ್ಟೇ ವ್ಯತ್ಯಾಸ.

ಅಜ್ಜನ ಕೆಲಸ ಅಚ್ಚು ತೆಗೆಯುವುದು. ಮೊಣಕಾಲಿನ ಕೆಳಗೆ ಉಳಿದ ಮೊಂಡಿಗೆ ಒದ್ದೆ ಪಟ್ಟಿ ಸುತ್ತಿ, ಅದು ಗಟ್ಟಿಯಾಗುವ ತನಕ ಎರಡೂ ಕೈಯಲ್ಲಿ ಹಿಡಿದು ಕೂರಬೇಕು. ಹಾಗೆ ಹಿಡಿದಷ್ಟು ಹೊತ್ತು ಕಾಲು ಕಳೆದುಕೊಂಡವರು ಮಾತಾಡುತ್ತಾರೆ, ಇವನು ಕೇಳುತ್ತಾನೆ. ಆ ಅಚ್ಚಿನ ಮೇಲೆ ಮಾಡಿದ ಕಾಲು ಅವರೊಬ್ಬರಿಗೇ ಸರಿ, ಒಡಹುಟ್ಟಿದವರಿಗೂ ಕೂರುವುದಿಲ್ಲ.

ಟೈಲರಮ್ಮನ ಕಾಲು ಸಿದ್ಧವಾಗಿ ಶೆಲ್ಫಿನ ಮೇಲಿತ್ತು. ದಂಗೆಯ ಸಮಯದಲ್ಲಿ ಚೌಕದಲ್ಲಿ ಗುಂಡು ಹಾರಿದಾಗ ಅವಳ ಬಲಗಾಲು ಹೋಗಿತ್ತು. ಹೊಲಿಗೆ ಮಷಿನ್ ತುಳಿಯುವ ಕಾಲು. ಎಂಟು ತಿಂಗಳಿಂದ ತಂಗಿಯ ಮನೆಯಲ್ಲಿ ಅಂಗಿಗಳಿಗೆ ಗುಂಡಿ ಹಾಕಿಕೊಂಡು ಕೂತಿದ್ದಳು. "ನೀವು ಆ ಕಡೆ ಹಾಯ್ದು ಹೋಗ್ತಿದ್ರಾ ತಾಯಿ?" ಎಂದು ಅಚ್ಚು ಹಿಡಿದಾಗ ಅಜ್ಜ ಕೇಳಿದ್ದ. "ಹಾಯೋದೇನು ಬಂತು ಅಜ್ಜ? ಕೂಗೋಕೇ ಹೋಗಿದ್ದೆ. ಗಂಟಲು ಸರಿಯಾಗೇ ಇದೆ ನೋಡಿ" ಎಂದಿದ್ದಳು.

ಅವಳು ಕಾಲು ಹಾಕಿಸಿಕೊಳ್ಳಲು ಬರಬೇಕಾದ ದಿನದ ಹಿಂದಿನ ದಿನ ಕಾರ್ಯದರ್ಶಿ ಒಳಗೆ ಬಂದ.

"ಅಜ್ಜ, ನಾಳೆ ಮೈದಾನದಲ್ಲಿ ಸಮಾರಂಭ. ಹೊಸ ನಾಯಕರು ಕೈಯಾರೆ ಕಾಲು ಕೊಡ್ತಾರಂತೆ. ಇಪ್ಪತ್ತು ಬೇಕು."

"ಮುಗಿದಿರೋದು ಹನ್ನೊಂದು. ಅದರ ಜನರಿಗೆ ಹೇಳಿ ಕಳಿಸಿ."

"ಚೌಕದವರಿಗೆ ಕೊಡೋ ಹಾಗಿಲ್ಲ, ಅವತ್ತು ಈ ನಾಯಕರ ವಿರುದ್ಧ ಕೂಗಿದೋರು ಅವರು. ಮೇಲಿಂದ ಮಾತು ಬಂದಿದೆ. ಜನರನ್ನ ಅವರೇ ಕರ್ಕೊಂಡು ಬರ್ತಾರೆ, ಕಾಲು ಮಾತ್ರ ನಮ್ದು."

"ಯಾರದೋ ಕಾಲು ಯಾರಿಗೋ ಹಾಕೋಕೆ ಇದೇನು ಚಪ್ಪಲಿನಾ?"

"ಫೋಟೋ ತೆಗೆಯೋ ತನಕ ಅಜ್ಜ. ಪಕ್ಕದ ಬೀದಿ ಕಣ್ಣಾಸ್ಪತ್ರೆಗೆ ನಿನ್ನೆ ಬೀಗ ಬಿತ್ತು, ನೋಡಿದ್ರಲ್ಲ. ನಾವು ಉಳಿದ್ರೆ ತಾನೆ ಸೇವೆ?" ಅವನು ಅಜ್ಜನ ಭುಜ ಸವರಿದ. ಅಜ್ಜನಿಗೆ ಹಲ್ಲಿ ಬಿದ್ದ ಹಾಗಾಯಿತು.

ಮರುದಿನ ಅಜ್ಜನನ್ನೂ ಮೈದಾನಕ್ಕೆ ಕರೆದೊಯ್ದರು. ಪಟ್ಟಿ ಬಿಗಿಯಲು ಯಾರಾದರೂ ಬೇಕಲ್ಲ. ಆದರೆ ನಾಯಕರ ಹುಡುಗರಿಗೆ ತಾಳ್ಮೆಯಿರಲಿಲ್ಲ, ತಾವೇ ಎಳೆದೆಳೆದು ಕಟ್ಟಿದರು. ಅಜ್ಜ ವೇದಿಕೆಯ ಮೂಲೆಯಿಂದ ಸಾಲು ಕುರ್ಚಿಗಳಲ್ಲಿ ಕೂತವರನ್ನು ಒಬ್ಬೊಬ್ಬರಾಗಿ ನೋಡುತ್ತ ಬಂದ. ಐದನೆಯ ಕುರ್ಚಿಯಲ್ಲಿ ಯಾವುದೋ ಗೋದಾಮಿನ ಕಾವಲುಗಾರ. ಅವನಿಗೆ ಇಲ್ಲದ್ದು ಎಡಗಾಲು. ಕಟ್ಟಿದ್ದು ಟೈಲರಮ್ಮನ ಬಲಗಾಲು. ಹೆಬ್ಬೆರಳು ಹೊರಗಡೆಗೆ ಚಾಚಿ ಪಾದ ಯಾರದೋ ಮನೆಯ ದಾರಿ ಹುಡುಕುತ್ತಿತ್ತು. ನಾಯಕರು ಆ ಪಾದದ ಪಕ್ಕದಲ್ಲೇ ನಿಂತು ಕೈ ಬೀಸಿದರು. ಚಪ್ಪಾಳೆ. ಕ್ಯಾಮೆರಾ ಹಿಡಿದವರಲ್ಲಿ ಒಬ್ಬನಿಗೂ ಅದು ಕಾಣಲಿಲ್ಲ, ಅಥವಾ ಕಂಡರೂ ಕಾಣಲಿಲ್ಲ. ಕಾರ್ಯದರ್ಶಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ.

ಅಜ್ಜ ಹೋಗಿ ಕಾವಲುಗಾರನ ಮುಂದೆ ಮಂಡಿಯೂರಿದ.

"ಬಿಚ್ಚಿಬಿಡಿ ಅಜ್ಜ, ಪ್ರಾಣ ಹೋಗ್ತಿದೆ," ಎಂದ ಅವನು, ತುಟಿಯಲ್ಲಿ ನಗು ಇಟ್ಟುಕೊಂಡೇ. "ನಗದೆ ಇದ್ರೆ ರೇಷನ್ ಕೊಡಲ್ಲ ಅಂದಿದಾರೆ."

"ನೀನು ನಗ್ತಾ ಇರು. ನಾಡಿದ್ದು ಬಾ, ನಿಂದೇ ಅಚ್ಚು ತೆಗೀತೀನಿ."

ಪಟ್ಟಿ ಬಿಚ್ಚಿ ಕಾಲು ತೆಗೆದಾಗ ಮೊಂಡಿನ ಚರ್ಮ ಕಿತ್ತು ರಕ್ತ ಒಸರಿತ್ತು. ಅಜ್ಜ ಕಾಲನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದು ನಡೆದ. ರಿಪೇರಿಗೆ ಒಯ್ಯುತ್ತಿದ್ದಾನೆ ಎಂದುಕೊಂಡು ಪೊಲೀಸರೇ ದಾರಿ ಬಿಟ್ಟರು.

ಟೈಲರಮ್ಮನ ತಂಗಿಯ ಮನೆಯಲ್ಲಿ ಕಾಲಿನೊಳಗೆ ಮೊಂಡು ಕೂರುವ ಗೂಡನ್ನು ಸೋಪು ಹಾಕಿ ಮೂರು ಸಲ ತೊಳೆದ. "ಇದೇನು ಕಲೆ ಅಜ್ಜ?" ಎಂದಳು ಟೈಲರಮ್ಮ. ಅಜ್ಜ ಮುಚ್ಚಿಡದೆ ಹೇಳಿದ. ಅವಳು ಬಹಳ ಹೊತ್ತು ಅದನ್ನು ಮುಟ್ಟಲಿಲ್ಲ. ಆಮೇಲೆ, "ಪಾಪ, ಅವನದೇನು ತಪ್ಪು," ಎಂದು ಮೊಂಡನ್ನು ಒಳಗಿಟ್ಟಳು. ಕೂತಿತು. ಗೋಡೆ ಹಿಡಿದು ಎದ್ದಳು, ಗೋಡೆ ಬಿಟ್ಟಳು, ಮಷಿನ್ನಿನ ತನಕ ನಾಲ್ಕು ಹೆಜ್ಜೆ ಹೋಗಿ ಕೂತಳು.

ಅಷ್ಟರಲ್ಲಿ ಬಾಗಿಲಲ್ಲಿ ಕಾರ್ಯದರ್ಶಿ. ಬೆವರಿನಲ್ಲಿ ಮಿಂದಿದ್ದ.

"ಅಜ್ಜ, ಮಾನ ಕಳೆದ್ರಲ್ಲ. ನಾಯಕರ ಹುಡುಗರು ಹನ್ನೊಂದು ಎಣಿಸ್ಕೊಂಡು ಹೋಗಿದ್ರು, ಈಗ ಹತ್ತೇ ಇದೆ. ಈ ಕಾಲು ವಾಪಸ್ ಹೋಗದಿದ್ರೆ ಬೆಳಿಗ್ಗೆ ಬೀಗ. ಕಾಯ್ತಿರೋ ಉಳಿದವರ ಗತಿ ಏನು, ನೀವೇ ಹೇಳಿ."

ಆ ಮಾತು ಅಜ್ಜನಿಗೆ ತಾಗದೆ ಇರಲಿಲ್ಲ. ಅವನು ಟೈಲರಮ್ಮನ ಮುಖ ನೋಡಿದ. ಅವಳು ಸೆರಗಿನಲ್ಲಿ ಮೂಗೊರೆಸಿಕೊಂಡು ಕಾಲು ಮುಂದೆ ಚಾಚಿದಳು.

"ಬನ್ನಿ ಸಾರ್. ನೀವೇ ಬಿಚ್ಕೊಳ್ಳಿ."

ಅವನು ಹೇಸುತ್ತಾನೆ, ತಿರುಗಿ ಹೋಗುತ್ತಾನೆ ಎಂದುಕೊಂಡಿದ್ದ ಅಜ್ಜ. ಇಲ್ಲ. ಬಾಗಿ ಬಾಗಿ ಪಳಗಿದ ಮೈ. ಸಲೀಸಾಗಿ ನೆಲಕ್ಕೆ ಕೂತ, ಪಟ್ಟಿಗೆ ಕೈ ಹಾಕಿದ. ಎಳೆದ. ತಿರುಚಿದ. ಬಕಲ್ ಬಿಚ್ಚಲಿಲ್ಲ. ಇಪ್ಪತ್ತೆರಡು ವರ್ಷ ಕಾಲಿನ ಸಂಸ್ಥೆ ನಡೆಸಿದವನಿಗೆ ಕಾಲಿನ ಪಟ್ಟಿ ಯಾವ ಕಡೆಯಿಂದ ಬಿಚ್ಚುತ್ತದೆ ಎಂದು ಗೊತ್ತಿರಲಿಲ್ಲ.

"ಅಜ್ಜ, ಸ್ವಲ್ಪ ತೋರ್ಸಿ," ಎಂದ, ತಲೆಯೆತ್ತದೆ.

"ನಾನು ಹಾಕೋನು ಸ್ವಾಮಿ. ಬೀಗ ಬೀಳೋವರೆಗೂ ಬಂದು ಹಾಕ್ತೀನಿ. ಕಿತ್ಕೊಳ್ಳೋದು ನಂಗೆ ಬರಲ್ಲ."

ಟೈಲರಮ್ಮ ಕಾಲು ಹಿಂದಕ್ಕೆ ಎಳೆದುಕೊಂಡು ಮಷಿನ್ನಿನ ಪೆಡಲ್ ಮೇಲಿಟ್ಟಳು. ಕಾರ್ಯದರ್ಶಿ ಇನ್ನೂ ನೆಲದ ಮೇಲೆಯೇ ಇದ್ದ. ಅಜ್ಜ ಹೊರಗೆ ಹೋಗಿ ಚರಂಡಿಯಲ್ಲಿ ಉಗಿದು, ನಲ್ಲಿ ತಿರುಗಿಸಿ, ಹಿಂದಿನ ದಿನ ಕಾರ್ಯದರ್ಶಿ ಸವರಿದ್ದ ಭುಜದ ಆ ಜಾಗವನ್ನು ತಿಕ್ಕಿ ತಿಕ್ಕಿ ತೊಳೆದುಕೊಂಡ.