ಹದಿಮೂರು ಪಾಯಿಂಟ್ ಎರಡು ವೋಲ್ಟ್

ಖಲಂದರನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಯಾರಾದರೂ ಅಂದರೆ ಅವನನ್ನು ಬಲ್ಲವರು ಒಪ್ಪುತ್ತಿರಲಿಲ್ಲ. ಮೂಗಿನವರೆಗೆ ಹೋಗುವಷ್ಟು ಪುರುಸೊತ್ತು ಆ ಕೋಪಕ್ಕೆ ಎಲ್ಲಿತ್ತು, ಅದು ನಾಲಿಗೆಯ ಮೇಲೇ ಕೂತಿರುತ್ತಿತ್ತು. ಶಿವಮೊಗ್ಗದ ನೆಹರೂ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಅವನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಜನ ಬೈಸಿಕೊಳ್ಳಲು ಸಿದ್ಧರಾಗಿಯೇ ಹೋಗುತ್ತಿದ್ದರು. ಆದರೂ ಹೋಗುವುದನ್ನು ಬಿಡುತ್ತಿರಲಿಲ್ಲ. ಖಲಂದರ್ ಒಂದು ಮಿಷನ್ನು ಸತ್ತಿದೆ ಎಂದರೆ ಸತ್ತಿದೆ, ಬದುಕುತ್ತದೆ ಎಂದರೆ ಬದುಕುತ್ತದೆ. ರೇಡಿಯೋ ಕಾಲದಿಂದ ಟೀವಿ ಕಾಲಕ್ಕೆ, ಅಲ್ಲಿಂದ ಕಂಪ್ಯೂಟರ್ ಕಾಲಕ್ಕೆ ಅವನು ಹೊತ್ತು ತಂದ ಆಸ್ತಿಯೆಂದರೆ ಆ ಮಾತೊಂದೇ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು.

ಅದೇ ಮಾತಿನ ಜೋರಿನಲ್ಲಿ, ಎರಡು ಸಾವಿರದ ಎರಡರ ಬೇಸಿಗೆಯ ಒಂದು ಬೆಳಿಗ್ಗೆ ಅವನು ಗೋಣಿಚೀಲ ಹೆಗಲಿಗೇರಿಸಿಕೊಂಡು ಭದ್ರಾವತಿ ಬಸ್ಸು ಹತ್ತಿ ಮಾಚೇನಹಳ್ಳಿಯಲ್ಲಿ ಇಳಿದ. ಚೀಲದಲ್ಲಿದ್ದದ್ದು ನಾಲ್ಕು ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಇಳಿಸಿ ಕಂಪ್ಯೂಟರಿನ ಒಳಭಾಗಗಳಿಗೆ ಹಂಚುವ ತಗಡಿನ ಡಬ್ಬಗಳು. ಅವನ್ನು ಜೋಡಿಸಿ ಮಾರುತ್ತಿದ್ದವನು ಅಲ್ಲಿನ ಶೆಡ್ಡೊಂದರ ಮಾಲೀಕ ರೇಣುಕಾಪ್ರಸಾದ್. ಉದ್ದನೆಯ ಮೇಜಿನ ಎರಡೂ ಬದಿಗೆ ಹೆಂಗಸರು ಕೂತು ಬೆಸುಗೆ ಹಾಕುತ್ತಿದ್ದರು. ಮೇಜಿನ ತುದಿಯಲ್ಲಿ, ಕಿಟಕಿಯ ಪಕ್ಕ, ತನುಜಾ ಎಂಬಾಕೆ ಪ್ರತಿ ಡಬ್ಬವನ್ನೂ ಮೀಟರಿನಿಂದ ಅಳೆದು, ಒಳಗಿರುವ ಪುಟ್ಟ ಸ್ಕ್ರೂ ತಿರುಗಿಸಿ ವೋಲ್ಟೇಜು ಸರಿಪಡಿಸಿ, ಆ ಸ್ಕ್ರೂ ಮತ್ತೆ ಅಲ್ಲಾಡದಂತೆ ಅದರ ತಲೆಗೆ ಒಂದು ತೊಟ್ಟು ಕೆಂಪು ನೈಲ್ ಪಾಲಿಷ್ ಹಚ್ಚುತ್ತಿದ್ದಳು. ಆಮೇಲೆ ಹೊರಗೆ ಚೀಟಿ ಅಂಟಿಸಿ ತನ್ನ ಸಹಿ ಹಾಕುತ್ತಿದ್ದಳು.

ಖಲಂದರ್ ಚೀಲವನ್ನು ಮೇಜಿನ ಮೇಲೆ ಸುರಿದ. ತರೀಕೆರೆಯಿಂದ ಮಾಲು ನೋಡಲು ಬಂದಿದ್ದ ಇಬ್ಬರು ವ್ಯಾಪಾರಿಗಳು ಚಹಾ ಕುಡಿಯುವುದನ್ನು ನಿಲ್ಲಿಸಿ ತಿರುಗಿದರು. ರೇಣುಕಾಪ್ರಸಾದ್ ಕೂತ್ಕೊಳ್ಳಿ ಭಾಯ್ ಎಂದ. ಖಲಂದರ್ ಕೂರಲಿಲ್ಲ. ಹನ್ನೆರಡು ವೋಲ್ಟ್ ಬರಬೇಕಾದ ಹಳದಿ ವೈರಿನಲ್ಲಿ ಹದಿಮೂರು ಪಾಯಿಂಟ್ ಎರಡು ಬರುತ್ತದೆ, ಆಮೇಲೆ ಒಂದು ವಾರಕ್ಕೇ ಕಂಪ್ಯೂಟರು ತನ್ನಷ್ಟಕ್ಕೆ ಆಫ್ ಆಗಿ ಆನ್ ಆಗುತ್ತದೆ, ಗಿರಾಕಿಗಳು ತನ್ನ ಮುಖಕ್ಕೆ ಉಗಿಯುತ್ತಿದ್ದಾರೆ ಎಂದು ಶೆಡ್ಡು ಹಾರಿಹೋಗುವಂತೆ ಕೂಗಾಡಿದ. ಕಡೆಗೆ ಒಂದು ಡಬ್ಬ ಎತ್ತಿ ಅದರ ಚೀಟಿಯನ್ನು ಎಲ್ಲರಿಗೂ ಕೇಳುವಂತೆ ಓದಿದ.

"ತನುಜಾ ಅಂತೆ. ಸೈನು ಹಾಕೋಕೆ ಬರುತ್ತೆ, ಮೀಟ್ರು ಹಿಡಿಯೋಕೆ ಬರಲ್ಲ."

ತನುಜಾ ಎದ್ದು ಅವನ ಕೈಯಿಂದ ಆ ಡಬ್ಬವನ್ನು ಕಿತ್ತುಕೊಂಡಳು. ವೈರು ಸಿಕ್ಕಿಸಿ ಅಳೆದಳು. ಮೀಟರು ಹತ್ತು ಪಾಯಿಂಟ್ ಒಂಬತ್ತು ತೋರಿಸಿತು. ಖಲಂದರ್ ಬಿಟ್ಟಾನೆಯೇ, ನನ್ನ ಅಂಗಡಿಯಲ್ಲಿ ಹದಿಮೂರು, ಇಲ್ಲಿ ಹನ್ನೊಂದೂ ಇಲ್ಲ, ಇದು ಕರೆಂಟು ಕೊಡುವ ಡಬ್ಬವೋ ಹವಾಮಾನ ಹೇಳುವ ಡಬ್ಬವೋ ಎಂದು ಹಂಗಿಸಿದ. ತನುಜಾ ಮುಚ್ಚಳ ಬಿಚ್ಚಿ ಒಳಗೆ ನೋಡಿದಳು. ಸ್ಕ್ರೂವಿನ ತಲೆಯ ಮೇಲಿನ ಕೆಂಪು ಬಣ್ಣ ಬಿರಿದಿತ್ತು. ಉಳಿದ ಮೂರರದ್ದೂ ಹಾಗೆಯೇ. ಇದನ್ನು ಯಾರೋ ತಿರುಗಿಸಿದ್ದಾರೆ ಎಂದು ಅವಳು ಮಾಲೀಕನಿಗೆ ಹೇಳಿದಳು. ರೇಣುಕಾಪ್ರಸಾದ್ ಹಿಂಜರಿಯುತ್ತ ಖಲಂದರನ ಕಡೆ ತಿರುಗಿ, ನೀವೇನಾದರೂ ಬಿಚ್ಚಿದ್ರಾ ಭಾಯ್ ಎಂದು ಕೇಳಿದ.

"ನಾನ್ಯಾಕೆ ಬಿಚ್ಚಲಿ? ಕಾವಿಗೆ ಬಣ್ಣ ಒಡೆದಿರುತ್ತೆ."

ಖಲಂದರ್ ಹೇಳಿದ ಮೇಲೆ ಮುಗಿಯಿತು. ತರೀಕೆರೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದನ್ನು ಕಂಡದ್ದೇ ರೇಣುಕಾಪ್ರಸಾದನಿಗೆ ಎಲ್ಲಿಲ್ಲದ ನಿಷ್ಠುರತೆ ಬಂದುಬಿಟ್ಟಿತು. ನಾಳೆಯಿಂದ ಬರುವುದು ಬೇಡ ಎಂದು ಅಲ್ಲೇ ಎಲ್ಲರೆದುರು ತನುಜಾಗೆ ಹೇಳಿದ. ಅವಳು ಊಟದ ಡಬ್ಬಿ ತೆಗೆದುಕೊಂಡು ಹೊರಟಳು. ಹೋಗುವಾಗ ಖಲಂದರನ ಎದುರು ಒಂದು ಗಳಿಗೆ ನಿಂತು ಅವನನ್ನು ದಿಟ್ಟಿಸಿದಳು. ಅವನೇ ಬೇರೆ ಕಡೆ ನೋಡಬೇಕಾಯಿತು.

ಬಿಚ್ಚಿದ್ದು ಅವನೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅದು ಅವನ ಹಳೆಯ ಚಾಳಿ. ಟೀವಿ ಕಾಲದಲ್ಲಿ ಚಿತ್ರ ಉರುಳಿದರೆ ಹಿಂದಿನ ಮುಚ್ಚಳ ತೆಗೆದು ಸ್ಕ್ರೂ ಒಂದು ಎಳೆ ತಿರುಗಿಸಿ ಸರಿಮಾಡುವುದು, ಏನು ಮಾಡಿದೆ ಎಂದು ಗಿರಾಕಿಗೆ ಹೇಳದಿರುವುದು. ಹಳದಿ ವೈರಿನಲ್ಲಿ ಹದಿಮೂರು ಪಾಯಿಂಟ್ ಎರಡು ಕಂಡಾಗಲೂ ಅಷ್ಟೇ ಮಾಡಿದ್ದ. ತನ್ನ ಮೀಟರಿನಲ್ಲಿ ಸರಿಯಾಗಿ ಹನ್ನೆರಡು ಬರುವ ತನಕ ತಿರುಗಿಸಿ, ಮುಚ್ಚಳ ಹಾಕಿ, ಗಿರಾಕಿಗಳಿಗೆ ಕೊಟ್ಟಿದ್ದ. ಇಷ್ಟು ಸರಿಮಾಡಿ ಕೊಟ್ಟರೂ ಕೆಡುತ್ತದೆ ಎಂದರೆ ಮಾಲೇ ದರಿದ್ರದ್ದು ಎಂದು ಅವನು ಪ್ರಾಮಾಣಿಕವಾಗಿಯೇ ನಂಬಿದ್ದ. ಆದ್ದರಿಂದ ಶೆಡ್ಡಿನಲ್ಲಿ ಆಡಿದ ಸುಳ್ಳು ಅವನ ಲೆಕ್ಕದಲ್ಲಿ ಸುಳ್ಳೇ ಅಲ್ಲ. ತಪ್ಪು ಅವರದು, ತಾನು ತಿರುಗಿಸಿದೆನೆಂದು ಒಪ್ಪಿಕೊಂಡರೆ ಅದನ್ನೇ ನೆಪ ಮಾಡಿಕೊಂಡು ನುಣುಚಿಕೊಳ್ಳುತ್ತಾರೆ ಎಂದುಕೊಂಡಿದ್ದ. ಮನುಷ್ಯನಿಗೆ ತನ್ನ ಕಡೆ ವಾದಿಸಲು ವಕೀಲ ಬೇಕಿಲ್ಲ.

ನಾಲ್ಕು ದಿನ ಕಳೆದ ಮೇಲೆ ತನುಜಾ ಅವನ ಅಂಗಡಿಯ ಮೆಟ್ಟಿಲು ಹತ್ತಿದಳು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಚೀಲದಲ್ಲಿ ಅವಳ ತಮ್ಮ ಪಾಲಿಟೆಕ್ನಿಕ್ಕಿನಲ್ಲಿ ಓದುವಾಗ ಕೊಂಡಿದ್ದ ಮೀಟರಿತ್ತು. ರೇಣುಕಾಪ್ರಸಾದನ ಶೆಡ್ಡಿನಿಂದ ಬಂದದ್ದರಲ್ಲಿ ಇನ್ನೂ ಬಿಚ್ಚದ ಡಬ್ಬ ಒಂದಿದ್ದರೆ ಕೊಡಿ ಎಂದಳು. ಬಿಚ್ಚದ ಎಂಬ ಮಾತನ್ನು ಒತ್ತಿ ಹೇಳಿದಳು. ಗಿರಾಕಿಗಳ ಮುಂದೆ ಇಲ್ಲ ಎನ್ನಲಾರದೆ ಖಲಂದರ್ ಕಪಾಟಿನಿಂದ ಒಂದನ್ನು ಎತ್ತಿ ಅವಳ ಮುಂದೆ ಕುಕ್ಕಿದ. ಅವಳು ಹಸಿರು ವೈರಿಗೂ ಕಪ್ಪು ವೈರಿಗೂ ತಂತಿ ತುಂಡು ಸಿಕ್ಕಿಸಿ ಅದನ್ನು ಚಾಲೂ ಮಾಡಿ, ಹಳದಿ ವೈರನ್ನು ತನ್ನ ಮೀಟರಿನಲ್ಲಿ ಅಳೆದಳು. ಹನ್ನೆರಡು. ಅದೇ ವೈರಿಗೆ ಖಲಂದರ್ ತನ್ನ ಮೀಟರಿನ ಕಡ್ಡಿ ಚುಚ್ಚಿದ. ಹದಿಮೂರು ಪಾಯಿಂಟ್ ಎರಡು.

ಎರಡರಲ್ಲಿ ಒಂದು ತಪ್ಪು ತೋರಿಸುತ್ತಿದೆ ಎಂದಳು ತನುಜಾ. ತಪ್ಪು ತೋರಿಸುವುದು ನಿನ್ನದೇ ಎಂದ ಖಲಂದರ್. ತನ್ನದು ಮುಂಬೈಯಿಂದ ತರಿಸಿದ್ದು, ಅವಳದು ಕಾಲೇಜು ಹುಡುಗರ ಆಟದ ಸಾಮಾನು, ಅಂಗಡಿಗೆ ಬಂದು ತನಗೆ ಪಾಠ ಹೇಳುವ ಧೈರ್ಯ ಅವಳಿಗೆ ಯಾರು ಕೊಟ್ಟರು ಎಂದು ಒಂದೇ ಸಮನೆ ಬೈದು, ಎದ್ದು ಹೋಗು ಎಂದು ಬೀದಿಯ ಕಡೆ ಕೈ ತೋರಿಸಿದ. ಗಿರಾಕಿಯೊಬ್ಬ ಕಿಸಕ್ಕನೆ ನಕ್ಕ. ತನುಜಾ ಅವಸರವಿಲ್ಲದೆ ಮೀಟರಿನ ವೈರು ಸುತ್ತಿ ಚೀಲಕ್ಕೆ ಹಾಕಿಕೊಂಡಳು.

"ಹೋಗಿದ್ದು ನನ್ನ ಕೆಲ್ಸ. ನಿಮ್ದೇನೂ ಹೋಗ್ಲಿಲ್ಲ, ಅದಕ್ಕೇ ಇಷ್ಟು ಗಟ್ಟಿಯಾಗಿ ಮಾತಾಡ್ತೀರಿ."

ಆ ಮಾತು ಅವನ ಮೈಗೆ ಮುಳ್ಳಿನ ಹಾಗೆ ಚುಚ್ಚಿಕೊಂಡಿತು. ಎರಡು ದಿನ ಅವಳನ್ನು ಮನಸ್ಸಿನಲ್ಲೇ ಬೈದುಕೊಂಡು ಓಡಾಡಿದ. ಮೂರನೆಯ ದಿನ ಅಂಗಡಿಯ ಗೋಡೆ ಗಡಿಯಾರ ನಿಂತಿತು. ಎದುರಿನ ಅಂಗಡಿಯಿಂದ ಹೊಸ ಸೆಲ್ಲಿನ ಪೊಟ್ಟಣ ತರಿಸಿ, ಹಾಕುವ ಮೊದಲು ಒಂದನ್ನು ಕೈ ಚಾಳಿಗೆ ಮೀಟರಿನಲ್ಲಿ ಅಳೆದ. ಒಂದು ಪಾಯಿಂಟ್ ಏಳು ನಾಲ್ಕು. ಖಲಂದರ್ ಕಡ್ಡಿ ತೆಗೆದು ಮತ್ತೆ ಇಟ್ಟ. ಇನ್ನೊಂದು ಸೆಲ್ ಅಳೆದ, ಅದೂ ಅಷ್ಟೇ. ರೇಡಿಯೋ ಕಾಲದಿಂದ ಸಾವಿರಾರು ಸೆಲ್ ಅಳೆದವನು ಅವನು. ಅಂಥ ಪೆನ್ಸಿಲ್ ಸೆಲ್ಲು ಎಷ್ಟು ಹೊಸದಾದರೂ ಒಂದು ಪಾಯಿಂಟ್ ಆರರ ಆಸುಪಾಸಿನಲ್ಲಿ ನಿಲ್ಲಬೇಕು, ಅದಕ್ಕಿಂತ ಮೇಲೆ ಹತ್ತಿದ್ದನ್ನು ಅವನು ಎಂದೂ ಕಂಡಿರಲಿಲ್ಲ.

ಹಿಂದೊಮ್ಮೆ ಮೀಟರು ಕೆಳಗೆ ಬಿದ್ದು ಅದರ ಗಾಜಿನ ಮೂಲೆ ಬಿರುಕು ಬಿಟ್ಟಾಗ ಅವನು ಅಲ್ಲಿಗೆ ಕಪ್ಪು ಟೇಪು ಅಂಟಿಸಿದ್ದ. ಈಗ ಅದನ್ನು ಉಗುರಿನಿಂದ ಎಬ್ಬಿಸಿ ಕಿತ್ತ. ಟೇಪಿನಡಿಯಲ್ಲಿ ಮೀಟರಿನ ಬ್ಯಾಟರಿ ಮುಗಿಯುತ್ತ ಬಂದಿದೆ ಎಂದು ಸಾರುವ ಪುಟ್ಟ ಗುರುತು ಮೂಡಿ ನಿಂತಿತ್ತು. ಯಾವ ಕಾಲದಿಂದ ನಿಂತಿತ್ತೋ ಏನೋ. ಬ್ಯಾಟರಿ ಇಳಿದ ಇಂಥ ಮೀಟರು ಕಡಿಮೆ ತೋರಿಸುವುದಿಲ್ಲ, ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ. ಇದು ಅವನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಹೊಸ ಬ್ಯಾಟರಿ ಹಾಕಿ, ತನುಜಾ ಅಳೆದು ಹೋಗಿದ್ದ ಡಬ್ಬದ ಹಳದಿ ವೈರನ್ನು ಅಳೆದ. ಹನ್ನೆರಡು. ಗೋಡೆಯ ಕರೆಂಟು ಅಳೆದ, ಇನ್ನೂರ ಮೂವತ್ತೂ ಇರಲಿಲ್ಲ. ತಿಂಗಳಿಂದ ಇನ್ನೂರೈವತ್ತು ಬಿಡುತ್ತಿದ್ದಾರೆ ಎಂದು ಕರೆಂಟಿನವರನ್ನೂ ಬಾಯಿಗೆ ಬಂದಂತೆ ಬೈದಿದ್ದ.

ಡಬ್ಬಗಳು ಸರಿಯಾಗಿದ್ದವು. ಕೆಡಿಸಿದವನು ತಾನು. ಸುಳ್ಳು ಹನ್ನೆರಡನ್ನು ಕಾಣಲು ನಿಜವಾದ ಹನ್ನೆರಡನ್ನು ಇಳಿಸಿ, ಹೊಟ್ಟೆಗೆ ಸಾಲದ ಕರೆಂಟಿನಲ್ಲಿ ಊರಿನ ಕಂಪ್ಯೂಟರುಗಳು ತತ್ತರಿಸುವಂತೆ ಮಾಡಿ, ಹೆಣ್ಣುಮಗಳೊಬ್ಬಳ ಹೆಸರನ್ನು ಶೆಡ್ಡಿನಲ್ಲಿ ಕೂಗಿ ಮಣ್ಣು ಮಾಡಿದವನು ತಾನು. ಖಲಂದರನಿಗೆ ನಾಚಿಕೆಯಾಯಿತು, ಮತ್ತು ನಾಚಿಕೆಯಾದದ್ದಕ್ಕೆ ಇನ್ನೂ ಹೆಚ್ಚು ಕೋಪ ಬಂತು. ಮೊದಲು ಮಾಡಿದ ಕೆಲಸವೆಂದರೆ ಗಿರಾಕಿಗಳ ಮನೆ, ಅಂಗಡಿಗಳಿಗೆ ಹೋಗಿ, ಸುಮ್ಮನೆ ನೋಡಿ ಹೋಗಲು ಬಂದೆ ಎಂದು ಹೇಳಿ, ಒಂದೊಂದೇ ಸ್ಕ್ರೂವನ್ನು ಮೊದಲಿದ್ದ ಜಾಗಕ್ಕೆ ತಂದದ್ದು. ಯಾರಿಗೂ ಗೊತ್ತಾಗಲಿಲ್ಲ. ಇಷ್ಟಕ್ಕೇ ಬಿಟ್ಟಿದ್ದರೆ ಗೊತ್ತಾಗುತ್ತಲೂ ಇರಲಿಲ್ಲ. ಆದರೆ ನಿಮ್ದೇನೂ ಹೋಗ್ಲಿಲ್ಲ ಎಂಬ ಆ ದನಿ ಅವನನ್ನು ಊಟ ಮಾಡಲು ಬಿಡಲಿಲ್ಲ.

ಕೊನೆಗೆ ಭದ್ರಾವತಿಗೆ ಹೋಗಿ, ಓಲ್ಡ್ ಟೌನಿನಲ್ಲಿ ಕೇಳಿಕೊಂಡು ಅವಳ ಮನೆ ಹುಡುಕಿದ. ಬಾಗಿಲು ತೆಗೆದ ತಾಯಿ ನಂಜಮ್ಮ, ಬಂದವನು ಯಾರೆಂದು ತಿಳಿದದ್ದೇ ಮಗಳನ್ನು ಕರೆದು ಒಳಗೆ ಹೋದಳು. ಒಳಗೆ ಬನ್ನಿ ಎಂದು ಯಾರೂ ಅನ್ನಲಿಲ್ಲ. ಪಕ್ಕದ ಮನೆಯ ಕಟ್ಟೆಯಲ್ಲಿ ಹೆಂಗಸರಿದ್ದರು. ಖಲಂದರ್ ಎಂದೂ ಇಲ್ಲದಷ್ಟು ಸಣ್ಣ ದನಿಯಲ್ಲಿ, ಮೀಟರಿನ ಬ್ಯಾಟರಿ ಹೋಗಿತ್ತು, ನಿನ್ನದೇನೂ ತಪ್ಪಿರಲಿಲ್ಲ ಎಂದ. ತನುಜಾ ಹೊಸ್ತಿಲಲ್ಲಿ ನಿಂತು ಕೇಳಿಸಿಕೊಂಡಳು.

"ಕೂಗಿದ್ದು ಶೆಡ್ಡಲ್ಲಿ. ಪಿಸುಗುಟ್ಟೋಕೆ ಮಾತ್ರ ನಮ್ಮನೆ ಬಾಗಿಲು ಬೇಕಾಯ್ತಾ? ಅಲ್ಲೇ ಹೋಗಿ ಹೇಳಿ."

ಅವನಿಗೆ ರೇಗಿತು. ಯಾರೂ ಕರೆಯದೆ ತಾನಾಗಿಯೇ ಈ ಬಿಸಿಲಿನಲ್ಲಿ ಬಂದಿದ್ದೇನೆ, ಅದಕ್ಕೂ ಬೆಲೆಯಿಲ್ಲವೇ ಎಂದ. ಬೆಲೆ ಕಟ್ಟಿಸಿಕೊಳ್ಳಲು ಬಂದಿದ್ದರೆ ಬೇರೆ ಮನೆ ನೋಡಿಕೊಳ್ಳಿ ಎಂದು ತನುಜಾ ಬಾಗಿಲು ಹಾಕಿದಳು. ವಾಪಸು ಬರುವಾಗ ಬಸ್ಸು ಮಾಚೇನಹಳ್ಳಿಯಲ್ಲಿ ನಿಂತಿತು. ಅವನು ಇಳಿಯಲಿಲ್ಲ. ಸೊಕ್ಕಿನ ಹೆಣ್ಣು ಎಂದು ಶಿವಮೊಗ್ಗ ಬರುವವರೆಗೂ ಹಲ್ಲು ಕಡಿಯುತ್ತ ಕೂತ.

ಅಂಗಡಿಯಲ್ಲಿ ಮಾತ್ರ ಅವನ ನಾಲಿಗೆ ಮೊದಲಿನಂತೆ ಹೊರಳಲಿಲ್ಲ. ಗಿರಾಕಿ ಬಂದು ಇದು ಬದುಕುತ್ತಾ ಭಾಯ್ ಎಂದರೆ ಒಂದು ಸಲಕ್ಕೆ ಮೂರು ಸಲ ಅಳೆಯುತ್ತಿದ್ದ. ತನ್ನ ಬಾಯಿಂದ ಹೊರಡುವ ಒಂದೊಂದು ಮಾತೂ ಅವನಿಗೇ ಟೊಳ್ಳಾಗಿ ಕೇಳಿಸತೊಡಗಿತು. ಅದನ್ನು ಅವನು ಒಂದು ವಾರವೂ ತಡೆದುಕೊಳ್ಳಲಾರದೆ ಹೋದ. ತನುಜಾಳ ಪಕ್ಕದ ಮನೆಯ ಫೋನಿಗೆ, ನಾಳೆ ಶೆಡ್ಡಿಗೆ ಬರಬೇಕಂತೆ ಎಂದು ಸುದ್ದಿ ಮುಟ್ಟಿಸಿದ.

ಅವನು ಹೋದಾಗ ತನುಜಾ ಆಗಲೇ ಬಂದು ಶೆಡ್ಡಿನ ಬಾಗಿಲಿಗೆ ಒರಗಿ ನಿಂತಿದ್ದಳು. ಹೆಂಗಸರು ತಲೆಯೆತ್ತಿ ನೋಡಿದರು. ರೇಣುಕಾಪ್ರಸಾದ್ ಇನ್ಯಾವ ಗ್ರಹಚಾರವೋ ಎಂಬಂತೆ ಎದ್ದು ಬಂದ. ಖಲಂದರ್ ಮೇಜಿನ ಮುಂದೆ ನಿಂತು, ತನ್ನ ಮೀಟರಿನ ಬ್ಯಾಟರಿ ಇಳಿದಿತ್ತು, ಅದಕ್ಕೆ ಜಾಸ್ತಿ ತೋರಿಸುತ್ತಿತ್ತು, ಮಾಲಿನಲ್ಲಿ ದೋಷವಿರಲಿಲ್ಲ ಎಂದ. ಈ ಸಲ ಗಟ್ಟಿಯಾಗಿಯೇ ಹೇಳಿದ. ರೇಣುಕಾಪ್ರಸಾದನಿಗೆ ಹೋದ ಜೀವ ಬಂದಂತಾಯಿತು. ಮೀಟರು ಅಂದ ಮೇಲೆ ಕೆಡುತ್ತದೆ, ಬಿಡಿ ಭಾಯ್ ಎಂದು ಅವನ ಭುಜ ತಟ್ಟಿ ಚಹಾ ತರಿಸಲು ಹೊರಟ. ತನುಜಾ ನಿಂತಲ್ಲಿಂದ ಕದಲಲಿಲ್ಲ.

"ಸ್ಕ್ರೂನೂ ಮೀಟ್ರೇ ಬಂದು ತಿರುಗಿಸ್ತಾ?"

ಬೆಸುಗೆ ಹಾಕುತ್ತಿದ್ದ ಕೈಗಳೆಲ್ಲ ನಿಂತವು. ಈಗ ಒಂದು ಮಾತು ತೇಲಿಸಿಬಿಟ್ಟರೆ ರೇಣುಕಾಪ್ರಸಾದ್ ನಂಬುತ್ತಾನೆ, ಊರೂ ನಂಬುತ್ತದೆ. ಅದು ಖಲಂದರನಿಗೆ ಚೆನ್ನಾಗಿ ಗೊತ್ತಿತ್ತು.

"ಇಲ್ಲ. ತಿರುಗಿಸಿದ್ದು ನಾನು. ಅವತ್ತು ಕೇಳಿದಾಗ ಸುಳ್ಳು ಹೇಳಿದ್ದೂ ನಾನೇ. ಗೊತ್ತಿದ್ದೇ ಹೇಳಿದೆ."

ರೇಣುಕಾಪ್ರಸಾದನ ಮುಖ ಕಪ್ಪಿಟ್ಟಿತು. ಭುಜದ ಮೇಲಿಟ್ಟಿದ್ದ ಕೈ ತೆಗೆದ. ತರೀಕೆರೆಯವರು ಅವತ್ತಿನಿಂದ ಈ ಕಡೆ ತಲೆ ಹಾಕಿಲ್ಲ, ಇಂಥವನ ಮಾತು ಕಟ್ಟಿಕೊಂಡು ನಾನು ಹಾಳಾದೆ, ಇನ್ನು ನಿನಗೆ ನನ್ನ ಒಂದು ಡಬ್ಬವೂ ಸಿಗುವುದಿಲ್ಲ, ಶಿವಮೊಗ್ಗದ ಪ್ರತಿ ಅಂಗಡಿಗೂ ಇದನ್ನು ಹೇಳಿಯೇ ಹೇಳುತ್ತೇನೆ ಎಂದು ಅವನು ಕಿರುಚಾಡಿದ. ಇಷ್ಟು ದಿನದ ಭಾಯ್ ಒಂದೇ ಏಟಿಗೆ ನೀನು ಆಗಿಹೋದ. ಮೇಜಿನ ಆ ಕಡೆಯಿಂದ ಯಾರೋ ಥೂ ಎಂದರು. ಮಾಲೀಕ ಅಲ್ಲಿಗೇ ನಿಲ್ಲಿಸದೆ, ನೋಡಮ್ಮ ಎಂಥ ಮನುಷ್ಯ ಎಂದು ತನುಜಾಳ ಕಡೆ ತಿರುಗಿದ.

"ಅವ್ರು ಸುಳ್ಳು ಹೇಳಿದ್ರು ಸರ್. ನಂಬಿದ್ದು ನೀವು."

ತನುಜಾ ಇಬ್ಬರ ನಡುವೆಯೇ ಹಾದು ತನ್ನ ಜಾಗಕ್ಕೆ ಹೋಗಿ ಸ್ಟೂಲು ಎಳೆದುಕೊಂಡು ಕೂತಳು. ಕೂತ್ಕೊ ಎಂದು ಯಾರೂ ಹೇಳಿರಲಿಲ್ಲ, ಬೇಡ ಎನ್ನಲೂ ಯಾರಿಗೂ ಧೈರ್ಯವಿರಲಿಲ್ಲ. ರಾಶಿಬಿದ್ದಿದ್ದ ಡಬ್ಬಗಳಲ್ಲಿ ಒಂದನ್ನು ಮುಂದಕ್ಕೆ ಎಳೆದು ಮುಚ್ಚಳ ತೆಗೆದಳು. ಖಲಂದರ್ ಅವಳ ಎದುರು ಹೋಗಿ ನಿಂತ. ಅವನು ಹೇಳಬೇಕಾದ್ದನ್ನು ಹೇಳಿಯಾಗಿತ್ತು, ಕಳೆದುಕೊಳ್ಳಬೇಕಾದ್ದನ್ನು ಕಳೆದುಕೊಂಡಾಗಿತ್ತು. ಆದರೂ ಅವಳ ಬಾಯಿಂದ ಒಂದು ಮಾತು ಬೇಕಿತ್ತು, ಬೈಗುಳವಾದರೂ ಆದೀತು. ಇನ್ನೇನು ಮಾಡಬೇಕು ಹೇಳಮ್ಮ ಎಂದು ಕೇಳಿದ.

ತನುಜಾ ಮೀಟರಿನಿಂದ ಕಣ್ಣೆತ್ತಲಿಲ್ಲ.

"ಏನೂ ಬೇಡ. ಬೆಳಕಿಗೆ ಅಡ್ಡ ನಿಂತಿದೀರಿ, ಸರೀರಿ."

ಖಲಂದರ್ ಸರಿದು ನಿಂತ.