ಒಂಬತ್ತು ಬೈ ಎಪ್ಪತ್ತೈದು

ಲೆಕ್ಕದ ಟೀಚರ್ ಒಂದು ಮಾತು ಹೇಳಿದರೆ ಕಲ್ಲಿನ ಮೇಲೆ ಕೆತ್ತಿದ ಹಾಗೆ ಎಂದು ಇಡೀ ಶಾಲೆ ನಂಬಿತ್ತು. ಹುಡುಗಿಯರು ಮಾತ್ರ ಬೆನ್ನ ಹಿಂದೆ, ಅವರು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಕಿಸಕ್ಕನೆ ನಗುತ್ತಿದ್ದರು.

ಆ ವರ್ಷ ಒಂಬತ್ತನೇ ತರಗತಿಗೆ ಅವರು ದಶಮಾಂಶದ ಪಾಠ ಮಾಡಿದ್ದರು. ಭಿನ್ನರಾಶಿಯನ್ನು ಭಾಗಿಸುತ್ತಾ ಹೋದರೆ ಒಂದು ಕಡೆ ನಿಲ್ಲುತ್ತದೋ, ಇಲ್ಲಾ ಅವೇ ಅಂಕಿಗಳು ಮತ್ತೆ ಮತ್ತೆ ಬರುತ್ತವೋ ಎಂದು ಭಾಗಿಸದೆಯೇ ಹೇಳುವ ಉಪಾಯ ಅದು. "ಕೆಳಗಿನ ಸಂಖ್ಯೆಯನ್ನ ಒಡೆದು ನೋಡಿ. ಎರಡು, ಐದು ಬಿಟ್ಟು ಬೇರೇನೂ ಸಿಗ್ಲಿಲ್ವಾ, ನಿಲ್ಲುತ್ತೆ. ಮೂರೋ ಏಳೋ ಒಂದು ನುಸುಳಿದ್ರೂ ಸಾಕು, ನಿಲ್ಲಲ್ಲ."

ವರ್ಷದ ಕೊನೆಯ ಪರೀಕ್ಷೆಗೆ ಪ್ರಶ್ನೆಪತ್ರಿಕೆ ತೆಗೆದವರೂ ಅವರೇ. ಒಂಬತ್ತು ಬೈ ಎಪ್ಪತ್ತೈದು ನಿಲ್ಲುತ್ತದೋ ಇಲ್ಲವೋ, ಎರಡು ಅಂಕ. ಎಪ್ಪತ್ತೈದನ್ನು ಒಡೆದರೆ ಮೂರು, ಐದು, ಐದು. ಮೂರಿದೆ, ಆದ್ದರಿಂದ ನಿಲ್ಲುವುದಿಲ್ಲ. ಎಲ್ಲರೂ ಹಾಗೆಯೇ ಬರೆದರು, ಗುಬ್ಬಿಯೊಬ್ಬಳನ್ನು ಬಿಟ್ಟು.

ಗುಬ್ಬಿ ಶಾಲೆಯ ಆಯಾಳ ಮಗಳು. ಬೆಂಚಿನ ಮೇಲೆ ಕೂತರೆ ಕಾಲು ನೆಲಕ್ಕೆ ತಾಗದಷ್ಟು ಗಿಡ್ಡಗಿದ್ದುದರಿಂದ ಆ ಹೆಸರು. ಆ ವರ್ಷ ಜ್ವರ ಹಿಡಿದು ಎರಡು ತಿಂಗಳು ಮಲಗಿದ್ದಳು. ಅರ್ಧ ಪಾಠಗಳು ತಪ್ಪಿಹೋಗಿದ್ದವು. ಲೆಕ್ಕದಲ್ಲಿ ಅವಳಿಗೆ ಬಂದದ್ದು ಮೂವತ್ತಮೂರು. ಪಾಸಾಗಲು ಎರಡು ಕಮ್ಮಿ.

ಅಂಕ ಹೇಳಿದ ಮಾರನೆಯ ದಿನ ಉತ್ತರಪತ್ರಿಕೆ ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. "ಟೀಚರ್, ಇದು ನಿಲ್ಲುತ್ತೆ. ನಾನು ಭಾಗಿಸಿ ನೋಡ್ದೆ."

ಟೀಚರ್ ತಲೆ ಎತ್ತಲಿಲ್ಲ. "ಎಪ್ಪತ್ತೈದರಲ್ಲಿ ಮೂರು ಇದೆಯೋ ಇಲ್ವೋ?"

"ಇದೆ."

"ಮತ್ತೆ? ಭಾಗಾಕಾರ ಬರಲ್ಲ ಅಂದ್ರೆ ಬರಲ್ಲ ಅನ್ನು. ನಿಯಮಾನೇ ತಪ್ಪು ಅಂತೀಯಾ?"

ಹೊರಗೆ ವರಾಂಡ ಒರೆಸುತ್ತಿದ್ದ ಆಯಾ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಓಡಿ ಬಂದಳು. "ಟೀಚರಮ್ಮಂಗೆ ಎದುರು ಮಾತಾಡ್ತೀಯೇನೇ? ಬಾ ಈಚೆಗೆ." ಮಗಳ ರಟ್ಟೆ ಹಿಡಿದೆಳೆದು ಟೀಚರ್ ಕಡೆ ತಿರುಗಿದಳು. "ತಪ್ಪು ತಿಳ್ಕೋಬೇಡಿ. ಇವಳ ತಲೆಗೆ ಲೆಕ್ಕ ಹತ್ತಲ್ಲ."

ಇನ್ನೊಂದು ವರ್ಷ ಅದೇ ತರಗತಿಯಲ್ಲಿ ಕೂರಿಸಿ ಏನು ಮಾಡುವುದು ಎಂದುಕೊಂಡು ಆಯಾ ಮಗಳನ್ನು ಔಷಧಿ ಡಬ್ಬಿ ಕಟ್ಟುವ ಕಾರ್ಖಾನೆಗೆ ಸೇರಿಸಿದಳು.

ರಜೆ ಮುಗಿದು ಎರಡನೇ ತಿಂಗಳು. ಹೊಸ ತರಗತಿಗೆ ಅದೇ ಪಾಠ. ನಿಲ್ಲದ ಭಾಗಾಕಾರ ಹೇಗಿರುತ್ತದೆಂದು ತೋರಿಸಲು ಟೀಚರ್ ಬೋರ್ಡಿನ ಮೇಲೆ ಒಂಬತ್ತು ಬೈ ಎಪ್ಪತ್ತೈದು ಬರೆದು ಭಾಗಿಸತೊಡಗಿದರು. ತೊಂಬತ್ತರಲ್ಲಿ ಒಂದು ಸಲ, ಉಳಿದದ್ದು ಹದಿನೈದು. ನೂರೈವತ್ತರಲ್ಲಿ ಎರಡು ಸಲ, ಉಳಿದದ್ದು ಸೊನ್ನೆ. ಎರಡೇ ಹೆಜ್ಜೆಗೆ ನಿಂತುಹೋಯಿತು. ಸೊನ್ನೆ ಪಾಯಿಂಟ್ ಒಂದು ಎರಡು.

ಟೀಚರ್ ಅಂಕಿಗಳನ್ನು ಮತ್ತೆ ನೋಡಿದರು. ಮೇಲಿನ ಒಂಬತ್ತರಲ್ಲೂ ಮೂರಿದೆ, ಕೆಳಗೂ ಮೂರಿದೆ. ಎರಡನ್ನೂ ಹೊಡೆದುಹಾಕಿದರೆ ಉಳಿಯುವುದು ಮೂರು ಬೈ ಇಪ್ಪತ್ತೈದು. ಇಪ್ಪತ್ತೈದರಲ್ಲಿ ಐದು ಬಿಟ್ಟರೆ ಏನಿದೆ? ಮೊದಲು ಸಂಕ್ಷೇಪಿಸಬೇಕು, ಆಮೇಲೆ ಛೇದ ನೋಡಬೇಕು. ಪುಸ್ತಕದಲ್ಲಿ ಆ ಸಾಲು ಇತ್ತು. ಪುಸ್ತಕದ ಉದಾಹರಣೆಗಳೆಲ್ಲ ಮೊದಲೇ ಸಂಕ್ಷೇಪವಾಗಿದ್ದುದರಿಂದ ಅವರು ಯಾವತ್ತೂ ಅದನ್ನು ಹೇಳುವ ಗೋಜಿಗೆ ಹೋಗಿರಲಿಲ್ಲ.

"ಇದು ಬೇಡ," ಎಂದು ಒರೆಸಿ ನಾಲ್ಕು ಬೈ ಹನ್ನೊಂದು ಬರೆದರು.

ಸಂಜೆ ಹೆಡ್ ಮಾಸ್ಟರ ಕೋಣೆಯವರೆಗೂ ಹೋದರು. ಒಳಗೆ ಯಾರೋ ಬಂದಿದ್ದರು. "ಬನ್ನಿ, ಬನ್ನಿ. ಇವರೇ ನಮ್ಮ ಲೆಕ್ಕದ ಟೀಚರ್. ಇವರ ಕೈಯಲ್ಲಿ ಒಂದು ತಪ್ಪು ಹುಡುಕಿ ನೋಡೋಣ," ಎಂದರು ಹೆಡ್ ಮಾಸ್ಟರು. ಟೀಚರ್ ನಕ್ಕು, ನಾಳೆ ಹೇಳೋಣ ಎಂದುಕೊಂಡು ಬಂದರು. ನಾಳೆ ನಾಡಿದ್ದಾಯಿತು. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ ಏನು ಹೇಳುವುದು ಎಂಬ ಭಯವೇ ದೊಡ್ಡದಾಯಿತು.

ಅಂದಿನಿಂದ ಪ್ರತಿ ವರ್ಷ ಆ ಪಾಠದ ದಿನ 'ಮೊದಲು ಸಂಕ್ಷೇಪಿಸಿ' ಎಂದು ಬೋರ್ಡಿನ ನೆತ್ತಿಯಲ್ಲಿ ದಪ್ಪಕ್ಷರದಲ್ಲಿ ಬರೆಯುತ್ತಿದ್ದರು. ಸಂಜೆ ಆಯಾ ಬಂದು ಅದನ್ನು ಒರೆಸುತ್ತಿದ್ದಳು. "ಮಗಳು ಹೇಗಿದ್ದಾಳೆ, ಆಯಾ?" ಎಂದು ಕೇಳಿದರೆ, "ಇದ್ದಾಳಮ್ಮ, ಡಬ್ಬಿ ಕಟ್ಕೊಂಡು. ದಡ್ಡಿಗೆ ಅಷ್ಟಾದ್ರೂ ಸಿಕ್ತಲ್ಲ," ಎನ್ನುತ್ತಿದ್ದಳು. ಮಾತು ಟೀಚರ್ ನಾಲಿಗೆಯ ತುದಿಗೆ ಬಂದು ವಾಪಸು ಹೋಗುತ್ತಿತ್ತು.

ಆಯಾ ನಿವೃತ್ತಳಾದಳು. ಎರಡು ವರ್ಷದ ಮೇಲೆ ಅವಳು ತೀರಿಕೊಂಡ ಸುದ್ದಿ ಬಂತು. ಆ ವಾರ ಟೀಚರಿಗೆ ಅನ್ನ ಸೇರಲಿಲ್ಲ. ಎಂಟನೇ ದಿನ ಮಧ್ಯಾಹ್ನ ವಿಳಾಸ ಹುಡುಕಿಕೊಂಡು ಹೋಗಿ ಮೂರನೇ ಮಹಡಿಯ ಬಾಗಿಲು ತಟ್ಟಿದರು.

ಗುಬ್ಬಿಯ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ತಾಯಿಯ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ತುಂಬುತ್ತಿದ್ದಳು. ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟಳು. ಟೀಚರ್ ಲೋಟ ಹಿಡಿದುಕೊಂಡೇ ಹೇಳಿದರು.

"ಒಂಬತ್ತು ಬೈ ಎಪ್ಪತ್ತೈದು. ನೀನು ಬರೆದಿದ್ದೇ ಸರಿ. ನನ್ನದು ತಪ್ಪು."

ಗುಬ್ಬಿ ಅವರ ಮುಖ ನೋಡಿದಳು. "ಅವತ್ತು ಮನೆಗೆ ಬಂದು ಮೂರು ಸಲ ಭಾಗಿಸ್ದೆ, ಟೀಚರ್. ಮೂರು ಸಲವೂ ನಿಂತೇಹೋಯ್ತು. ನೀವು ತಪ್ಪು ಹೇಳೋಕೆ ಸಾಧ್ಯ ಇಲ್ಲ, ನನಗೇ ಭಾಗಾಕಾರ ಬರಲ್ಲ ಅಂದ್ಕೊಂಡೆ. ಕಾರ್ಖಾನೇಲಿ ಎರಡು ಸಲ ಮೇಲ್ವಿಚಾರಕಿ ಮಾಡ್ತೀವಿ ಅಂದ್ರು. ಲೆಕ್ಕ ಇಡ್ಬೇಕಲ್ಲ ಅಂತ ಬೇಡ ಅಂದೆ." ಒಂದು ಸೀರೆ ಮಡಿಸಿದಳು. "ನಿಮಗೆ ಯಾವಾಗ ಗೊತ್ತಾಯ್ತು?"

ಮೊನ್ನೆ ಎಂದುಬಿಡಬಹುದಿತ್ತು. "ಅದೇ ವರ್ಷ," ಎಂದರು ಟೀಚರ್. "ನೀನು ಕೆಲಸಕ್ಕೆ ಸೇರಿ ಇನ್ನೂ ಮೂರು ತಿಂಗಳಾಗಿರಲಿಲ್ಲ."

ಗುಬ್ಬಿಯ ಕೈ ನಿಂತಿತು.

"ಆಮೇಲೆ ಹದಿನೇಳು ವರ್ಷ ಅಮ್ಮ ನಿಮ್ಮ ಕ್ಲಾಸು ಗುಡಿಸಿದ್ಲು."

"ಹೌದು."

"ದಿನಾ ನಿಮ್ಮನ್ನ ನೋಡ್ತಿದ್ಲು."

"ಕ್ಷಮಿಸು ಅಂತ ಕೇಳೋ ಮುಖ ನನಗಿಲ್ಲ."

"ನನ್ನನ್ನ ಕೇಳಿ ಏನು ಬಂತು, ಟೀಚರ್?" ಅವಳ ದನಿ ಏರಲಿಲ್ಲ. "ಕೊನೇ ತಿಂಗಳು ಅಮ್ಮಂಗೆ ಮಾತ್ರೆ ಕೊಡ್ಬೇಕಿತ್ತು. ಎಷ್ಟು ಗಂಟೆಗೊಂದು ಅಂತ ನಾನು ಹೇಳಿದ್ರೆ ನಂಬ್ತಾನೇ ಇರ್ಲಿಲ್ಲ. ಪಕ್ಕದ ಮನೆಯವ್ರನ್ನ ಕೇಳ್ಕೊಂಡು ಬಾರೇ, ನಿನ್ನ ಲೆಕ್ಕ ನನಗೆ ಗೊತ್ತಿಲ್ವಾ ಅಂತ ನಗ್ತಿದ್ಲು. ನಾನೂ ನಗ್ತಾ ಹೋಗಿ ಕೇಳ್ಕೊಂಡು ಬರ್ತಿದ್ದೆ."

ಹೇಳುತ್ತಾ ಹೇಳುತ್ತಾ ಗುಬ್ಬಿಯ ಬಾಯಿ ಸೊಟ್ಟಗಾಯಿತು. ಮಡಿಸಿದ ಸೀರೆಯನ್ನೇ ಮುಖಕ್ಕೆ ಒತ್ತಿಕೊಂಡು ಅತ್ತಳು. ಟೀಚರ್ ಎದ್ದು ಅವಳ ಬೆನ್ನ ಮೇಲೆ ಕೈಯಿಡಲು ಹೋದರು. ಆ ಹಕ್ಕು ತಮಗಿಲ್ಲವೆನಿಸಿ ಕೈ ಹಿಂದಕ್ಕೆಳೆದುಕೊಂಡರು.

ಸ್ವಲ್ಪ ಹೊತ್ತಿಗೆ ಗುಬ್ಬಿ ಕಣ್ಣೊರೆಸಿಕೊಂಡು ಬಾಗಿಲು ತೆರೆದಳು. "ಹೊರಡಿ, ಟೀಚರ್. ಮೆಟ್ಟಿಲಲ್ಲಿ ಬೆಳಕಿಲ್ಲ, ಗೋಡೆ ಹಿಡ್ಕೊಂಡು ಇಳೀರಿ."

ಟೀಚರ್ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದರು.